ತೋಳಿಗೆ ತಕ್ಕ ಬಿಲ್ಲೆ

ಗಾಳಿಯಲ್ಲಿ ಹಾರುವ ವಸ್ತುಗಳನ್ನು ಕುರಿತು ಅಹಮದಾಬಾದಿನ ಜನರೆದುರಿಗೆ ಬಾಯಿ ತೆರೆಯುವುದು ಸಾಹಸದ ಕೆಲಸ. ವರ್ಷವೆಲ್ಲ ಷೇರಿನ ದರ, ಬಟ್ಟೆಯ ದರ, ನಿವೇಶನದ ದರ ಇವುಗಳ ಹೊರತು ಮತ್ತೊಂದನ್ನು ಆಡದ ಗೃಹಸ್ಥನೂ ಜನವರಿ 14 ಸಮೀಪಿಸುತ್ತಿದ್ದಂತೆ ಕತ್ತೆತ್ತಿ ಆಕಾಶವನ್ನು ಅವಲೋಕಿಸತೊಡಗುವನು. ಪತ್ರಿಕೆಗಳು ಉತ್ತರಾಯಣದ ದಿನ ಗಾಳಿ ಯಾವ ದಿಕ್ಕಿನಿಂದ ಎಷ್ಟು ವೇಗದಲ್ಲಿ ಬೀಸಬಹುದೆಂಬುದನ್ನು ಚುನಾವಣೆಯ ಫಲಿತಾಂಶದಷ್ಟೇ ಗಾಂಭೀರ್ಯದಿಂದ ಮುದ್ರಿಸುವುವು. ಖಾಡಿಯಾದ ಪೋಳುಗಳೆಂಬ ಇಕ್ಕಟ್ಟಾದ ಓಣಿಗಳಲ್ಲಿ ಹಳೆಯ ಮನೆಗಳ ಮಾಳಿಗೆಗಳು ಹಬ್ಬದ ಮಟ್ಟಿಗೆ ಬಾಡಿಗೆಗೆ ಹೋಗುವುವು. 1989ರಿಂದ ಅಂತರರಾಷ್ಟ್ರೀಯ ಗಾಳಿಪಟ ಉತ್ಸವವನ್ನು ನಡೆಸಿಕೊಂಡು ಬಂದಿರುವ ಊರು ಇದು. ಪಾಲಡಿಯಲ್ಲಿ ಲ ಕಾರ್ಬೂಸಿಯೆ ರೂಪಿಸಿದ ಸಂಸ್ಕಾರ ಕೇಂದ್ರದ ಕಟ್ಟಡದಲ್ಲಿ ಗಾಳಿಪಟಗಳಿಗೆಂದೇ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ ಊರು. ಉದ್ಯೋಗನಿಮಿತ್ತ ಮೈಸೂರಿನ ಕಡೆಯಿಂದ ಬಂದು ಇಲ್ಲಿಯೇ ತಲೆ ನರೆಸಿಕೊಂಡ ನಾನು ಈ ವಿದ್ವಾಂಸರ ನಡುವೆ ಎಂದೂ ಬಾಯಿ ತೆರೆದವನಲ್ಲ. ಈಗ ತೆರೆಯುತ್ತಿರುವುದಕ್ಕೆ ಕಾರಣ, ಇವರಿಗೂ ಪರಿಚಯವಿಲ್ಲದ ಒಂದು ಹಾರುವ ವಸ್ತು ನನ್ನ ಕೈಗೆ ಸಿಕ್ಕಿರುವುದು.

ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ನನ್ನ ತಂಗಿಯ ಮಗ ಚಳಿಗಾಲದ ರಜೆಗೆ ಬಂದಾಗ, ಇತರರು ತರುವಂತೆ ಬಾದಾಮಿ ಚಾಕೊಲೇಟುಗಳನ್ನು ತರುವುದರ ಬದಲು, ಹೆಗಲಿಗೆ ತೂಗುವ ಒಂದು ಚೀಲದ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಹೊತ್ತು ತಂದನು. ಡಿಸ್ಕ್ ಗಾಲ್ಫ್ ಎಂಬ ಆಟದ ಸಾಮಗ್ರಿ ಅದು. ಗಾಲ್ಫಿನಲ್ಲಿ ಚೆಂಡನ್ನು ದಂಡದಿಂದ ಹೊಡೆದು ಕುಳಿಗೆ ಬೀಳಿಸುವರಷ್ಟೆ; ಇಲ್ಲಿ ಬಿಲ್ಲೆಯನ್ನು ಕೈಯಿಂದ ಎಸೆದೆಸೆದು, ಕಂಬವೊಂದರ ಸುತ್ತ ಉಕ್ಕಿನ ಸರಪಳಿಗಳು ಜೋಲುವ ಬುಟ್ಟಿಗೆ ಸೇರಿಸಬೇಕು; ಯಾರು ಕಡಮೆ ಎಸೆತಗಳಲ್ಲಿ ಸೇರಿಸುವರೋ ಅವರು ಗೆದ್ದಂತೆ. ಈ ಬುಟ್ಟಿಯನ್ನು ಕಲ್ಪಿಸಿದವರು ಎಡ್ ಹೆಡ್ರಿಕ್; ಆಟಕ್ಕೆಂದೇ ಮೀಸಲಾದ ಮೊದಲ ಮೈದಾನವನ್ನು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಅಣಿಗೊಳಿಸಿದವರೂ ಅವರೇ. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನೊಡನೆ ಬೆರಸಿ ಬಿಲ್ಲೆಗಳನ್ನು ಅಚ್ಚುಹಾಕಿದರಂತೆ. ಅಸ್ಥಿಯನ್ನು ನದಿಯಲ್ಲಿ ಬಿಡುವ ನಮಗೆ ಇದು ವಿಚಿತ್ರವೆನಿಸಿದರೂ, ಸತ್ತ ಮೇಲೆಯೂ ಗಾಳಿಯಲ್ಲಿ ತೇಲುವ ಆಸೆಯನ್ನು ತೀರ ಅಲ್ಲಗಳೆಯಲಾರೆ.

ಮಕ್ಕಳು ಸಮುದ್ರತೀರದಲ್ಲಿ ಎಸೆದಾಡುವ ಫ್ರಿಸ್ಬಿಗೂ ಈ ಬಿಲ್ಲೆಗೂ ಇರುವ ಅಂತರವನ್ನು ಕೈಗೆತ್ತಿಕೊಂಡೊಡನೆಯೇ ತಿಳಿಯಬಹುದು. ಫ್ರಿಸ್ಬಿ ಅಗಲವಾಗಿ, ಅಂಚು ಉರುಟಾಗಿ, ಸೌಮ್ಯವಾಗಿರುತ್ತದೆ. ಅತಿ ದೂರಕ್ಕೆ ಎಸೆಯುವುದಕ್ಕೆಂದು ಮಾಡಿದ ‘ಡಿಸ್ಟೆನ್ಸ್ ಡ್ರೈವರ್’ ಸುಮಾರು 21 ಸೆಂಟಿಮೀಟರ್ ಮಾತ್ರ ಅಡ್ಡಳತೆಯದು. ತೂಕ 175 ಗ್ರಾಮಿನ ಆಸುಪಾಸು. ಆ ತೂಕದ ಬಹುಭಾಗ ಎರಡು ಸೆಂಟಿಮೀಟರಿಗೂ ಮಿಕ್ಕ ಅಗಲದ ದಪ್ಪ ಅಂಚಿನಲ್ಲಿಯೇ ಅಡಗಿರುತ್ತದೆ. ಹೊರಮೈ ಓರೆಯಾಗಿ ಇಳಿದು ಚೂಪಾಗಿ ಮುಗಿಯುತ್ತದೆ. 1983ರಲ್ಲಿ ಡೇವ್ ಡುನಿಪೇಸ್ ಎಂಬವರು ಈ ಓರೆಯಂಚಿನ ಬಿಲ್ಲೆಯನ್ನು ರೂಪಿಸಿದ ಬಳಿಕ ಆಟದ ಸ್ವರೂಪವೇ ಬದಲಾಯಿತು. ಅಳಿಯನ ಚೀಲದಲ್ಲಿದ್ದ ಕೆಂಪು ಬಿಲ್ಲೆಯ ಹೆಸರು ‘ಡೆಸ್ಟ್ರಾಯರ್’, ವಿಧ್ವಂಸಕ! ಹೆಸರಿನ ಕೆಳಗೆ 12, 5, -1, 3 ಎಂದು ನಾಲ್ಕು ಅಂಕಿಗಳು. ಮೊದಲನೆಯದು ವೇಗ, ಎರಡನೆಯದು ತೇಲುವ ಗುಣ. ಮೂರನೆಯದು ಹಾರಾಟದ ಆದಿಯಲ್ಲಿ ಬಲಕ್ಕೆ ಎಷ್ಟು ವಾಲುವುದೆಂಬುದು, ನಾಲ್ಕನೆಯದು ಅಂತ್ಯದಲ್ಲಿ ಎಡಕ್ಕೆ ಎಷ್ಟು ಬೀಳುವುದೆಂಬುದು. ಮನುಷ್ಯನಿಗೆ ಜಾತಕವಿರುವಂತೆ ಬಿಲ್ಲೆಗೂ ಒಂದಿರುವುದೆಂದೂ ಅದು ಬೆನ್ನ ಮೇಲೆಯೇ ಮುದ್ರಿತವಾಗಿರುವುದೆಂದೂ ತಿಳಿದು ನನಗೆ ಸಂತೋಷವಾಯಿತು. ಆದರೆ ಜಾತಕವೆಂಬುದು ಹುಟ್ಟಿದ ಸಮಯವನ್ನು ಅವಲಂಬಿಸಿರುವಂತೆ, ಇದು ಎಸೆದವನ ತೋಳನ್ನು ಅವಲಂಬಿಸಿದೆಯೆಂಬುದನ್ನು ಯಾರೂ ಮುದ್ರಿಸಿರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ, ಕ್ರಿಕೆಟಿನ ಹುಡುಗರು ಇನ್ನೂ ಬಂದು ನೆಲವನ್ನು ಹಂಚಿಕೊಳ್ಳದ ಹೊತ್ತಿನಲ್ಲಿ, ನಾವಿಬ್ಬರೂ ವಿಶ್ವವಿದ್ಯಾಲಯದ ಮೈದಾನಕ್ಕೆ ಹೋದೆವು. ಅಳಿಯನು ಮೂರು ಹೆಜ್ಜೆ ಅಡ್ಡಡ್ಡವಾಗಿ ಓಡಿ, ಬೆನ್ನನ್ನು ಗುರಿಯ ಕಡೆಗೆ ತಿರುಗಿಸಿ, ತೋಳನ್ನು ಎದೆಯ ಮುಂದಿನಿಂದ ಸೆಳೆದು ಬಿಟ್ಟ ಕ್ಷಣದಲ್ಲಿ ಬಟ್ಟೆ ಹರಿದಂತಹ ಒಂದು ಶಬ್ದವಾಯಿತು. ಬಿಲ್ಲೆ ಮೊದಲು ನೇರವಾಗಿ, ಆಳೆತ್ತರದ ಎರಡರಷ್ಟಕ್ಕೆ ಮೀರದೆ ಹೋಯಿತು; ಅನಂತರ ಯಾರೋ ಮೃದುವಾಗಿ ತಳ್ಳಿದರೆಂಬಂತೆ ಬಲಕ್ಕೆ ವಾಲಿತು; ಇನ್ನೇನು ರಸ್ತೆಯ ಕಡೆಗೆ ಹೋಗಿಬಿಡುವುದೆಂದು ನಾನು ಅಂಜುವಷ್ಟರಲ್ಲಿ ಮನಸ್ಸು ಬದಲಿಸಿ, ಮಟ್ಟಸವಾಗಿ, ವೇಗ ಕುಗ್ಗಿದಂತೆಲ್ಲ ಎಡಕ್ಕೆ ಒಲೆದು, ದೂರದ ಬೇವಿನ ಮರದ ಬುಡದಲ್ಲಿ ಕುಳಿತಿತು. ನೂರು ಮೀಟರಿಗೆ ಕಡಮೆಯಿರಲಾರದು. ಅದೇ ಬಿಲ್ಲೆಯನ್ನು ನಾನು, ಅವನು ಹೇಳಿಕೊಟ್ಟ ಕ್ರಮದಲ್ಲಿಯೇ ಹಿಡಿದು, ಶಕ್ತ್ಯನುಸಾರ ಎಸೆದೆನು. ಬಲಕ್ಕೆ ವಾಲುವ ವಿಚಾರವನ್ನೇ ಅದು ಮಾಡಲಿಲ್ಲ. ಕೈಬಿಟ್ಟ ಕೂಡಲೇ ಎಡಗಡೆಯ ರೆಕ್ಕೆ ತಗ್ಗಿಸಿ, ಅರ್ಧವೃತ್ತದ ಹಾದಿ ಹಿಡಿದು, ಕ್ರಿಕೆಟ್ ಪಿಚ್ಚನ್ನು ಸುತ್ತಿದ್ದ ಹಗ್ಗದ ಬಳಿ ದೊಪ್ಪನೆ ಬಿತ್ತು.

“ಮಾವ, ನೀವು ಎಸೆದದ್ದರಲ್ಲೇನೂ ತಪ್ಪಿಲ್ಲ,” ಎಂದನು ಹುಡುಗ. “ಅದಕ್ಕೆ ಬೇಕಾದ ವೇಗ ಸಿಗಲಿಲ್ಲ ಅಷ್ಟೆ.”

ಇದು ಹಿರಿಯರಿಗೆ ಹೇಳುವ ಉಪಚಾರದ ಮಾತೆಂದು ಮೊದಲು ತಿಳಿದೆನು. ವಿಚಾರಿಸಿದಾಗ ಶಾಸ್ತ್ರವೇ ಆಗಿತ್ತು. ಬಲಗೈಯವನು ಮೊಣಕೈಯನ್ನು ಮಡಿಸಿ ಹೊರಕ್ಕೆ ಸೆಳೆದು ಎಸೆದಾಗ, ಮೇಲಿನಿಂದ ನೋಡಿದರೆ ಬಿಲ್ಲೆ ಗಡಿಯಾರದ ಮುಳ್ಳಿನಂತೆ ಪ್ರದಕ್ಷಿಣವಾಗಿ ತಿರುಗುತ್ತಿರುತ್ತದೆ. ಗಾಳಿ ಅದನ್ನು ಎತ್ತಿಹಿಡಿಯುವ ಬಲವು ಸರಿಯಾಗಿ ನಡುವಿನಲ್ಲಿ ಬೀಳುವುದಿಲ್ಲ. ವೇಗ ಹೆಚ್ಚಿದ್ದಾಗ ನಡುವಿಗಿಂತ ಹಿಂದಕ್ಕೆ ಸರಿದು ಬಾಲವನ್ನು ಎತ್ತಿ ಮೂಗನ್ನು ತಗ್ಗಿಸಲು ಯತ್ನಿಸುವುದು. ವೇಗ ಕುಗ್ಗಿದಾಗ ಮುಂದಕ್ಕೆ ಸರಿದು ಮೂಗನ್ನು ಎತ್ತಲು ಯತ್ನಿಸುವುದು. ಬಿಲ್ಲೆ ತಿರುಗದೆ ಇದ್ದ ಪಕ್ಷದಲ್ಲಿ ಮೂಗು ನಿಜವಾಗಿಯೇ ತಗ್ಗುತ್ತಿತ್ತು, ಇಲ್ಲವೆ ಏಳುತ್ತಿತ್ತು. ತಿರುಗುವ ವಸ್ತುವಿನ ಸ್ವಭಾವವಾದರೋ ತಳ್ಳಿದ ಕಡೆಗೆ ಬಾಗದೆ, ಅದಕ್ಕೆ ಲಂಬವಾದ ಕಡೆಗೆ ಬಾಗುವುದು. ಆದ್ದರಿಂದ ಮೂಗನ್ನು ತಗ್ಗಿಸುವ ಬಲವು ಬಿಲ್ಲೆಯನ್ನು ಬಲಕ್ಕೆ ವಾಲಿಸುವುದು, ಮೂಗನ್ನು ಎತ್ತುವ ಬಲವು ಎಡಕ್ಕೆ ವಾಲಿಸುವುದು. ವೃತ್ತಿಪರ ಆಟಗಾರರ ಕೈಯಿಂದ ಬಿಲ್ಲೆ ಗಂಟೆಗೆ 110 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊರಡುವುದುಂಟು. ಅಂತಹ ಎಸೆತದಲ್ಲಿ ಬಿಲ್ಲೆಯ ಜೀವಿತದಲ್ಲಿ ಎರಡು ಆಶ್ರಮಗಳಿರುತ್ತವೆ, ಬಲಕ್ಕೆ ವಾಲುವ ಯೌವನ ಮತ್ತು ಎಡಕ್ಕೆ ಇಳಿಯುವ ವಾರ್ಧಕ್ಯ. ಎರಡೂ ಒಂದನ್ನೊಂದು ತಿದ್ದಿಕೊಳ್ಳುವುದರಿಂದ ಹಾದಿ ಒಟ್ಟಾರೆ ನೇರವಾಗಿ, ದೀರ್ಘವಾಗಿ ಪರಿಣಮಿಸುವುದು. ನನ್ನಂಥವನ ಎಸೆತದಲ್ಲಿ ಬಿಲ್ಲೆ ಯೌವನವನ್ನೇ ಕಾಣದೆ ನೇರವಾಗಿ ವೃದ್ಧಾಪ್ಯಕ್ಕೆ ಹೋಗಿ ಸೇರುವುದು. ಹನ್ನೆರಡೆಂಬ ಅಂಕಿ ಬಿಲ್ಲೆಯು ನನಗೆ ಕೊಡುವ ವೇಗವಲ್ಲವೆಂದೂ, ನಾನು ಬಿಲ್ಲೆಗೆ ಕೊಡಬೇಕಾದ ವೇಗವೆಂದೂ ಆಗ ಅರ್ಥವಾಯಿತು. ಅಂಗಡಿಯವರು ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬಹುದಿತ್ತು.

ತಿರುಗುವಿಕೆಯಿಂದ ಸ್ಥೈರ್ಯ ಹುಟ್ಟುವುದೆಂಬ ಈ ತತ್ತ್ವಕ್ಕೂ ಅಹಮದಾಬಾದಿಗೂ, ಅದರಲ್ಲಿಯೂ ಇಲ್ಲಿಗೆ ಬಂದ ಕನ್ನಡಿಗರಿಗೂ, ಒಂದು ಹಳೆಯ ನಂಟಿದೆಯೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ವಿಕ್ರಂ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದದ್ದು ಇಲ್ಲಿನ ಭೌತ ಸಂಶೋಧನಾಲಯದಲ್ಲಿ, ಗುಜರಾತ್ ವಿಶ್ವವಿದ್ಯಾಲಯದಿಂದ. ಮುಂದೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ಆರ್ಯಭಟ ಉಪಗ್ರಹವು ಬಾಹ್ಯಾಕಾಶದಲ್ಲಿ ತನ್ನ ನಿಲುವನ್ನು ಕಾಪಾಡಿಕೊಂಡದ್ದು ತನ್ನ ಅಕ್ಷದ ಸುತ್ತ ತಿರುಗುತ್ತಲೇ. ಓಕ್ ಗ್ರೋವ್ ಮೈದಾನದ ವರ್ಷವೂ ಅದೇ. ಆರ್ಯಭಟಕ್ಕೆ ಗಾಳಿಯ ಕಾಟವಿರಲಿಲ್ಲ. ಅಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಭೂಮಿಗೆ ಹತ್ತಿರವಿರುವ ನಾವು ಬಿಲ್ಲೆ ಎಸೆಯುವವರಿಗೆ ಮಾತ್ರ ಈ ತಾಪತ್ರಯ.

ನನ್ನ ಮುಖಭಾವವನ್ನು ನೋಡಿ ಅಳಿಯನು ಚೀಲದಿಂದ ಇನ್ನೊಂದು ಬಿಲ್ಲೆಯನ್ನು ತೆಗೆದನು. ಅದರ ಹೆಸರು ‘ಲೆಪರ್ಡ್’, ಚಿರತೆ. ಅಂಕಿಗಳು 6, 5, -2, 1. ಅಂಚು ಕಿರಿದು, ತೂಕವೂ ಕಡಮೆ, ಬೆನ್ನಿನ ಮುದ್ರೆ ಅರ್ಧ ಅಳಿಸಿಹೋಗಿ, ಅಂಚಿನ ತುಂಬ ಮರಗಳಿಗೆ ಬಡಿದ ತರಚುಗಳು. ಈ ತರಚುಗಳು ಗುಣವೇ ಹೊರತು ದೋಷವಲ್ಲವಂತೆ. ಬಡಿದು ಸವೆದಂತೆ ಬಿಲ್ಲೆ ಎಡಕ್ಕೆ ಬೀಳುವ ಹಟವನ್ನು ಬಿಟ್ಟು ಬಲಕ್ಕೆ ಒಲಿಯತೊಡಗುವುದರಿಂದ, ಹಳೆಯ ಬಿಲ್ಲೆಯೇ ದುರ್ಬಲ ತೋಳಿಗೆ ಹೆಚ್ಚು ವಿಧೇಯ. ನಾನು ಎಸೆದೆನು. ಅಳಿಯನ ಕೆಂಪು ಬಿಲ್ಲೆ ಅವನ ಕೈಯಿಂದ ಹೊರಟು ಯಾವ ಚಿತ್ರವನ್ನು ಬರೆದಿತ್ತೋ ಅದೇ ಚಿತ್ರವನ್ನು, ಸ್ವಲ್ಪ ಸಣ್ಣದಾಗಿ, ಈ ಹಳೆಯ ಬಿಲ್ಲೆ ನನ್ನ ಕೈಯಿಂದ ಹೊರಟು ಬರೆಯಿತು: ನೇರಕ್ಕೆ, ಕೊಂಚ ಬಲಕ್ಕೆ, ಮತ್ತೆ ಎಡಕ್ಕೆ. ನಾನು ಎಸೆದ ವಿಧ್ವಂಸಕನು ಬಿದ್ದ ಸ್ಥಳವನ್ನು ಚಿರತೆ ನಿರಾಯಾಸವಾಗಿ ದಾಟಿಹೋಗಿತ್ತು. ಈ ಲೆಕ್ಕ ಬಲಿಷ್ಠರಿಗೂ ತಪ್ಪಿದ್ದಲ್ಲ. ಅಳಿಯನು ಅದೇ ಚಿರತೆಯನ್ನು ತನ್ನ ಪೂರ್ಣ ಬಲದಿಂದ ಎಸೆದಾಗ ಅದು ಬಲಕ್ಕೆ ವಾಲಿದ್ದು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಮಗುಚಿ, ನೆಲಕ್ಕೆ ಅಂಚು ತಾಗಿಸಿ, ಗಾಡಿಯ ಚಕ್ರದಂತೆ ಉರುಳಿಕೊಂಡು ಕಸದ ತೊಟ್ಟಿಯ ಕಡೆಗೆ ಹೋಯಿತು. ನಾನು ಅದನ್ನು ನೋಡಿ ನಗಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು.

ಬಿಲ್ಲೆಯ ಪರಿಚಯವಿಲ್ಲದಿದ್ದರೂ ಈ ಸತ್ಯದ ಪರಿಚಯ ಈ ಊರಿನವರಿಗೆ ಚೆನ್ನಾಗಿಯೇ ಇದೆ. ಇಲ್ಲಿನ ಗಾಳಿಪಟವಾದ ಪತಂಗಕ್ಕೆ ಬಾಲಂಗೋಚಿಯಿಲ್ಲ. ನಮ್ಮ ಕಡೆ ಆಷಾಢದ ಗಾಳಿಯಲ್ಲಿ ಹುಡುಗರು ಹಾರಿಸುವ ಪಟಕ್ಕೆ ಹಳೆಯ ಸೀರೆಯ ಅಂಚನ್ನೋ ಪಂಚೆಯ ಚೂರನ್ನೋ ಬಾಲವಾಗಿ ಕಟ್ಟುವುದರಿಂದ, ಅದು ಯಾರ ಕೈಯಲ್ಲಿಯೂ ಏಕಪ್ರಕಾರವಾಗಿ, ಸಾಧುವಾಗಿ ನಿಂತಿರುತ್ತದೆ. ಕಾದಾಡಲು ಮಾತ್ರ ಬಾರದು. ಗುಜರಾತಿನ ಪತಂಗ ಕಾದಾಡಲಿಕ್ಕೆಂದೇ ಹುಟ್ಟಿದ್ದು. ನಡುವಿನ ನೆಟ್ಟಗಿನ ಬಿದಿರ ಕಡ್ಡಿಗೆ ಅಡ್ಡಲಾಗಿ ಕಮಾನಿನಂತೆ ಬಾಗಿದ ಮತ್ತೊಂದು ತೆಳುಕಡ್ಡಿ. ದಾರವನ್ನು ಸೆಳೆದಾಗ ಗಾಳಿಯ ಒತ್ತಡಕ್ಕೆ ಕಮಾನು ಹಿಂದಕ್ಕೆ ಬಾಗಿ, ಪತಂಗ ಮೂಗು ಯಾವ ಕಡೆಗಿದೆಯೋ ಆ ಕಡೆಗೆ ಬಾಣದಂತೆ ಧಾವಿಸುವುದು. ಸಡಿಲಬಿಟ್ಟಾಗ ಕಮಾನು ನೆಟ್ಟಗಾಗಿ, ಪತಂಗ ಚಂಚಲಗೊಂಡು ತಿರುತಿರುಗಿ ಮೂಗಿಗೆ ಹೊಸ ದಿಕ್ಕನ್ನು ಹುಡುಕುವುದು. ಸೆಳೆಯುವುದಕ್ಕೆ ಖೇಂಚ್ ಎಂದೂ ಸಡಿಲಬಿಡುವುದಕ್ಕೆ ಢೀಲ್ ಎಂದೂ ಮಾಳಿಗೆಯ ಮೇಲಿನ ಪರಿಭಾಷೆ. ಬಲವಾದ ಕೈಯವನು ಖೇಂಚಿನಿಂದ ಎದುರಾಳಿಯ ದಾರವನ್ನು ಕತ್ತರಿಸುವನು. ಕೈಯಲ್ಲಿ ಬಲವಿಲ್ಲದವನು ಢೀಲ್ ಕೊಟ್ಟು ಕೊಟ್ಟು, ಗಾಳಿಯಿಂದಲೇ ಕೆಲಸ ಮಾಡಿಸಿ ಕತ್ತರಿಸುವನು. ಎರಡಕ್ಕೂ “ಕಾಯ್ ಪೋ ಛೇ” ಎಂಬ ಜಯಘೋಷ ಒಂದೇ.

ರಾಯಪುರ ದರವಾಜದ ಪತಂಗ ಬಜಾರಿನಲ್ಲಿ ಒಬ್ಬ ಮುದುಕ ವ್ಯಾಪಾರಿಯಿದ್ದಾನೆ. ಅವನು ಗಿರಾಕಿಯ ಮುಖವನ್ನು ನೋಡುವುದಕ್ಕೆ ಮೊದಲು ಕೈಯನ್ನು ನೋಡುವನು. ಯಾವ ಎತ್ತರದ ಮಾಳಿಗೆ, ಯಾರು ಹಾರಿಸುವವರು ಎಂದು ಕೇಳಿ ತಿಳಿದ ಮೇಲೆಯೇ ಪತಂಗದ ಕಟ್ಟನ್ನು ಬಿಚ್ಚುವನು. ಆಮೇಲೆ ಕಡ್ಡಿಯ ಒಂದು ತುದಿಯನ್ನು ಹಿಡಿದು ಪತಂಗವನ್ನು ತಲೆಯ ಬಳಿ ಆಡಿಸಿ, ಕಮಾನಿನ ಎರಡು ಪಕ್ಕಗಳೂ ಸಮನಾಗಿ ಬಾಗುವುವೋ ಎಂಬುದನ್ನು ಕಣ್ಣು ಕಿರಿದುಮಾಡಿ ಪರೀಕ್ಷಿಸುವನು. ಕಿನ್ನಾ, ಎಂದರೆ ನಾವು ಸೂತ್ರವೆನ್ನುವ ಕಟ್ಟನ್ನು ಹಾಕುವಾಗ, ಬಿರುಗಾಳಿಗಾದರೆ ಮೇಲಿನ ಎಳೆಯನ್ನು ಒಂದೆರಡು ಬೆರಳಿನಷ್ಟು ಗಿಡ್ಡಗೊಳಿಸುವನು. ಆಗ ಪತಂಗ ಗಾಳಿಗೆ ಹೆಚ್ಚು ಎದೆಯೊಡ್ಡದೆ ಜಾರಿಕೊಳ್ಳುವುದರಿಂದ ಕೈಗೆ ಜಗ್ಗು ಕಡಮೆ. ಹತ್ತು ವರ್ಷದ ಹುಡುಗನಿಗೆ ಭಾರಿ ಪತಂಗವನ್ನು ಕೇಳಿದ ತಂದೆಗೆ ಅವನು ಅದನ್ನು ಮಾರದೆ, ಸಣ್ಣವುಗಳ ಕಟ್ಟೊಂದನ್ನು ಮುಂದೆ ಸರಿಸಿದ್ದನ್ನು ನಾನು ಕಂಡಿದ್ದೇನೆ. ಅನ್ನದ ಗಂಜಿಯಲ್ಲಿ ಗಾಜಿನ ಪುಡಿ ಕಲಸಿ ಮೆತ್ತಿದ ಸೂರತ್ತಿನ ಮಾಂಜಾ ಬೆರಳನ್ನು ಕುಯ್ಯುವುದು ಜಗ್ಗು ಹೆಚ್ಚಾದಾಗಲೇ ಎಂಬುದನ್ನು ಬಲ್ಲವನು ಅವನು. ಅಮೆರಿಕದ ಬಿಲ್ಲೆಯಂಗಡಿಗಳಲ್ಲಿ ಇಂತಹ ಒಬ್ಬನನ್ನು ಕೂರಿಸಿದರೆ ಎಷ್ಟೋ ಭುಜಗಳ ನೋವು ತಪ್ಪೀತು.

ಏಕೆಂದರೆ, ಅಳಿಯನು ಹೇಳುವಂತೆ, ಹೊಸಬರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ಹನ್ನೆರಡು, ಹದಿಮೂರು, ಹದಿನಾಲ್ಕರ ಬಿಲ್ಲೆಗಳನ್ನೇ. 2016ರಲ್ಲಿ ಡೇವಿಡ್ ವಿಗ್ಗಿನ್ಸ್ ಎಂಬ ತರುಣನು ನೆವಾಡದ ಮರುಭೂಮಿಯಲ್ಲಿ, ಬೆನ್ನಿಗೆ ಬೀಸುವ ಗಾಳಿಯ ನೆರವಿನಿಂದ, ಬಿಲ್ಲೆಯನ್ನು 338 ಮೀಟರ್ ಎಸೆದನೆಂದು ಕೇಳಿದವನಿಗೆ, ಆ ದೂರವು ಬಿಲ್ಲೆಯೊಳಗೇ ತುಂಬಿಟ್ಟ ಸರಕೆಂದೂ ಹಣ ಕೊಟ್ಟವನಿಗೆ ಅದು ದಕ್ಕುವುದೆಂದೂ ತೋರುವುದು ಸಹಜ. ಈ ಭ್ರಮೆಗೆ ನಮ್ಮಲ್ಲಿ ಅತಿ ಪ್ರಾಚೀನವಾದ ದೃಷ್ಟಾಂತವಿದೆ, ಅದು ನಡೆದದ್ದೂ ಈ ಗುಜರಾತಿನ ನೆಲದಲ್ಲಿಯೇ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಕೃಷ್ಣನು ಯುಧಿಷ್ಠಿರನಿಗೆ ಹೇಳುವ ಕಥೆ: ಅಶ್ವತ್ಥಾಮನು ಒಮ್ಮೆ ದ್ವಾರಕೆಗೆ ಬಂದು, ತನ್ನ ಬ್ರಹ್ಮಶಿರೋಸ್ತ್ರವನ್ನು ತೆಗೆದುಕೊಂಡು ಪ್ರತಿಯಾಗಿ ಚಕ್ರವನ್ನು ಕೊಡೆಂದು ಬೇಡಿದನು. ನಿನ್ನ ಅಸ್ತ್ರ ನನಗೆ ಬೇಡ, ಎತ್ತಬಲ್ಲೆಯಾದರೆ ಚಕ್ರವನ್ನು ಕೊಂಡುಹೋಗು, ಎಂದನು ಕೃಷ್ಣ. ದ್ರೋಣಪುತ್ರನು ಎಡಗೈಯಿಂದ ಹಿಡಿದು ಎತ್ತಿದನು, ಆಗಲಿಲ್ಲ. ಬಲಗೈಯಿಂದ ಎತ್ತಿದನು, ಆಗಲಿಲ್ಲ. ಸರ್ವಪ್ರಯತ್ನವನ್ನೂ ಮಾಡಿ ಬಳಲಿ ಕೈಬಿಟ್ಟನು. ಅರ್ಜುನನಾಗಲಿ, ಬಲರಾಮನಾಗಲಿ, ನನ್ನ ಮಗ ಪ್ರದ್ಯುಮ್ನನಾಗಲಿ ಎಂದೂ ಕೇಳದ್ದನ್ನು ನೀನು ಕೇಳಿದೆ, ಇದರಿಂದ ಯಾರೊಡನೆ ಕಾದಬೇಕೆಂದಿದ್ದೆ, ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಅದ್ಭುತವಾದುದು: ನಿನ್ನೊಡನೆಯೇ! ಆಯುಧದ ಯೋಗ್ಯತೆಯನ್ನು ತನ್ನ ಯೋಗ್ಯತೆಯೆಂದು ಭಾವಿಸುವವನ ಮನಸ್ಸನ್ನು ಇದಕ್ಕಿಂತ ನಿಷ್ಕರುಣವಾಗಿ ಚಿತ್ರಿಸುವುದು ಸಾಧ್ಯವಿಲ್ಲ. ಅರ್ಜುನನು ಚಕ್ರವನ್ನು ಕೇಳಲಿಲ್ಲವೆಂಬುದು ನನಗೆ ಅವನ ಎಲ್ಲ ವಿಜಯಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ವಡೋದರೆಯ ಹಳೆಯ ಅಖಾಡಗಳಲ್ಲಿ, ಜುಮ್ಮಾದಾದಾ ವ್ಯಾಯಾಮ ಮಂದಿರದಂತಹ ಕಡೆಗಳಲ್ಲಿ, ಸಾಮು ಮಾಡುವವರು ತೋಳಿಗೆ ತಕ್ಕ ಭಾರದಿಂದ ಆರಂಭಿಸಿ ಮೇಲೇರುವುದು ವಾಡಿಕೆ. ಅಲ್ಲಿ ಹಗುರವಾದದ್ದನ್ನು ಎತ್ತುವವನು ನಾಚಬೇಕಾಗಿಲ್ಲ. ಬಿಲ್ಲೆಯ ಆಟದಲ್ಲಿ ಈ ಮರ್ಯಾದೆ ಇನ್ನೂ ನೆಲೆಗೊಂಡಂತಿಲ್ಲ.

ಇಲ್ಲಿ ಈ ಆಟವನ್ನು ಆಡಬಯಸುವವರು ಹವೆಯನ್ನೂ ಗಮನಿಸಬೇಕು. ಎದುರುಗಾಳಿಯಲ್ಲಿ ಬಿಲ್ಲೆಗೆ ತಗಲುವ ಗಾಳಿಯ ವೇಗ ಹೆಚ್ಚುವುದರಿಂದ ದುರ್ಬಲನ ಎಸೆತವೂ ಬಲಿಷ್ಠನದರಂತೆ ಬಲಕ್ಕೆ ವಾಲುವುದು. ಹಿಂಗಾಳಿಯಲ್ಲಿ ಬಲಿಷ್ಠನ ಬಿಲ್ಲೆಯೂ ಬೇಗನೆ ಎಡಕ್ಕೆ ಇಳಿಯುವುದು. ಮೇ ತಿಂಗಳಲ್ಲಿ, ಉಷ್ಣಮಾನ 43, 44 ಡಿಗ್ರಿಗೆ ಏರಿ ಗಾಳಿ ವಿರಳವಾದಾಗ, ಎತ್ತಿಹಿಡಿಯುವ ಬಲವೂ ಬಲಕ್ಕೆ ವಾಲಿಸುವ ಬಲವೂ ಒಟ್ಟಿಗೆ ಕುಂದುವುದರಿಂದ ಎಲ್ಲ ಬಿಲ್ಲೆಗಳೂ ಕೊಂಚ ಸೋಮಾರಿಗಳಾಗುವುವು. ಮನುಷ್ಯರೂ ಆಗ ಹಾಗೆಯೇ ಆಗುವುದರಿಂದ ಇದು ಅಷ್ಟಾಗಿ ಗೊತ್ತಾಗದು. ಚಳಿಗಾಲದ ಬೆಳಗೇ ಪ್ರಶಸ್ತ. ಆದರೆ ಉತ್ತರಾಯಣದ ಹಿಂದುಮುಂದಿನ ದಿನಗಳನ್ನು ಬಿಟ್ಟುಬಿಡುವುದು ಲೇಸು. ಮೈದಾನದ ಮೇಲೆಲ್ಲ ಕಡಿದ ಮಾಂಜಾ ಚೆಲ್ಲಿರುತ್ತದೆ.

ಅಳಿಯನು ಹಿಂದಿರುಗುವಾಗ ಹಳೆಯ ಚಿರತೆಯನ್ನು ನನಗೆ ಬಿಟ್ಟು, ವಿಧ್ವಂಸಕನನ್ನು ತಾನು ಕೊಂಡುಹೋದನು; ಹಂಚಿಕೆ ನ್ಯಾಯವಾಗಿಯೇ ಇದೆ. ಈ ಬರಹವನ್ನು ಓದಿ ಯಾರಿಗಾದರೂ ಆಸೆ ಹುಟ್ಟಿದರೆ ಅವರಲ್ಲಿ ನನ್ನದೊಂದು ವಿಜ್ಞಾಪನೆ: ಪರದೇಶದಿಂದ ಬರುವ ನೆಂಟರಿಗೆ ಹೇಳಿಕಳಿಸುವಾಗ ಹೆಸರನ್ನು ನೋಡಿ ಮರುಳಾಗದೆ, ಮೊದಲ ಅಂಕಿ ಐದು, ಆರು, ಹೆಚ್ಚೆಂದರೆ ಏಳು ಇರುವ, ಮೂರನೆಯದು -1 ಅಥವಾ -2 ಇರುವ, 150 ಗ್ರಾಮಿನ ಸುಮಾರಿನ ಬಿಲ್ಲೆಯನ್ನು ಕೇಳಿರಿ, ಯಾರಾದರೂ ಬಳಸಿ ಸವೆಸಿದ್ದಾದರೆ ಇನ್ನೂ ಒಳ್ಳೆಯದು. ಇದೆಲ್ಲವನ್ನೂ ಬಲಗೈಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾಯಿತು. ಎಡಗೈಯವರು ಮೇಲೆ ಎಡವೆಂದಿರುವ ಕಡೆ ಬಲವೆಂದೂ ಬಲವೆಂದಿರುವ ಕಡೆ ಎಡವೆಂದೂ ಓದಿಕೊಳ್ಳತಕ್ಕದ್ದು.